‘ಎಷ್ಟು ಜನ ಬೇಕು?’ ಎಂದು ಕೇಳಿ ಕೌಶಲ್ಯ ಯೋಜನೆ ಬರೆಯಬೇಡಿ

ಜಿಲ್ಲಾ ಕೌಶಲ್ಯ ಯೋಜನೆ ಸಾಮಾನ್ಯವಾಗಿ ಹೀಗೆ ತಯಾರಾಗುತ್ತದೆ: ಕಾರ್ಖಾನೆಗಳಿಗೆ ಒಂದು ನಮೂನೆ ಹೋಗುತ್ತದೆ, ಮುಂದಿನ 3 ವರ್ಷಕ್ಕೆ ಎಷ್ಟು ಜನ ಬೇಕೆಂದು ಬರೆದುಕೊಡುತ್ತಾರೆ, ಆ ಸಂಖ್ಯೆಗಳನ್ನು ಕೂಡಿಸಿ ತರಬೇತಿ ಸೀಟು ಗೊತ್ತುಮಾಡುತ್ತಾರೆ. ಲೆಕ್ಕ ಹದಗೆಡುವುದು ಈ ಕೂಡಿಸುವಲ್ಲೇ. ಬೆಳಗಾವಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗ್, ಮಚ್ಛೆ, ಹೊನಗಾದ ನಾಲ್ಕು ಮಶೀನ್ ಶಾಪ್‌ಗಳು ಒಂದೇ ಆರ್ಡರಿಗೆ ದರ ಕೊಟ್ಟಿವೆ ಎಂದುಕೊಳ್ಳಿ. ನಾಲ್ಕೂ ‘50 ಆಪರೇಟರ್ ಬೇಕು’ ಎಂದು ಬರೆಯುತ್ತವೆ. ಆರ್ಡರ್ ಸಿಗುವುದು ಒಬ್ಬರಿಗೆ. ಕಾಗದದಲ್ಲಿ 200, ನಿಜದಲ್ಲಿ 50. ಯಾರೂ ಸುಳ್ಳು ಹೇಳಿರುವುದಿಲ್ಲ. ನಾವು ಕೇಳಿದ ಪ್ರಶ್ನೆಯೇ ಸರಿಯಿರುವುದಿಲ್ಲ.

ಕೇಳಬೇಕಾದ್ದು ಮೂರು: ಯಂತ್ರ ಎಷ್ಟು, ಪಾಳಿ ಎಷ್ಟು, ಕಳೆದ ವರ್ಷ ಬಿಟ್ಟುಹೋದವರು ಎಷ್ಟು. 12 ವಿಎಂಸಿ (ಲೋಹ ಕೊರೆದು ಆಕಾರ ಕೊಡುವ, ಕಂಪ್ಯೂಟರ್ ನಡೆಸುವ) ಯಂತ್ರಗಳ ಶಾಪ್‌ನಲ್ಲಿ ಎರಡು ಯಂತ್ರಕ್ಕೊಬ್ಬ ಆಪರೇಟರ್ ಅಂದರೆ ಪಾಳಿಗೆ 6, ಮೂರು ಪಾಳಿಗೆ 18. ವಾರದ ಏಳೂ ದಿನ ಯಂತ್ರ ಓಡಿದರೆ ವಾರದ ರಜೆಯ ಬದಲಿಗಳು ಸೇರಿ 21. ಶೇ 10 ಗೈರುಹಾಜರಿ ಹಿಡಿದರೆ 24. ಅವರಲ್ಲಿ ವರ್ಷಕ್ಕೆ ಮೂರನೇ ಒಂದು ಪಾಲು ಬಿಟ್ಟುಹೋದರೆ, ಹೊಸ ಯಂತ್ರ ಒಂದೂ ಬರದಿದ್ದರೂ ಪ್ರತಿ ವರ್ಷ 8 ಜನ ಬೇಕು. ಇನ್ನೂ 4 ಯಂತ್ರ ಬಂದರೆ ಒಂದು ಸಲಕ್ಕೆ ಮತ್ತೆ 8. ಈ ಎರಡು 8ಗಳನ್ನು ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಮೊದಲನೆಯದು ವರ್ಷ ವರ್ಷವೂ ಬರುವ ಬೇಡಿಕೆ, ಎರಡನೆಯದು ಒಮ್ಮೆ ಬಂದು ಮುಗಿಯುವಂಥದ್ದು. ಒಮ್ಮೆಯ ಬೇಡಿಕೆಗೆ ಐಟಿಐಯಲ್ಲಿ ಕಾಯಂ ಯೂನಿಟ್ ತೆರೆದರೆ ಮೂರನೇ ವರ್ಷ ಅಲ್ಲಿ ಓದಿದವರಿಗೆ ಕೆಲಸವಿರುವುದಿಲ್ಲ.

ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಬಿಟ್ಟುಹೋದವರ ಅಂಕಿ ಎಚ್‌ಆರ್ ಕಚೇರಿಯಲ್ಲಿ ಸಿಗುವುದಿಲ್ಲ. ಮೋಲ್ಡರ್ (ಮರಳಿನ ಅಚ್ಚು ಮಾಡುವವರು), ಕೋರ್ ಮೇಕರ್ (ಅಚ್ಚಿನೊಳಗಿನ ತಿರುಳು ಮಾಡುವವರು), ಫೆಟ್ಲಿಂಗ್ (ಎರಕದ ಮೇಲಿನ ಮರಳು, ಹೆಚ್ಚುವರಿ ಲೋಹ ತೆಗೆಯುವ) ಆಳುಗಳು ಹೆಚ್ಚಾಗಿ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಇರುತ್ತಾರೆ. ಅವರು ಬಿಟ್ಟುಹೋದದ್ದು ಕಂಪನಿಯ ದಾಖಲೆಯಲ್ಲಿ ಕಾಣುವುದೇ ಇಲ್ಲ. ಗುತ್ತಿಗೆದಾರ ಪಿಎಫ್ ಚಲನ್ ಜೊತೆ ಸಲ್ಲಿಸುವ ಹೆಸರುಪಟ್ಟಿಗಳನ್ನು (ಇಸಿಆರ್) ತಿಂಗಳುವಾರು ಹರಡಿ, ಹೆಸರುಗಳು ಯಾವ ತಿಂಗಳು ಬಂದು ಯಾವ ತಿಂಗಳು ಮಾಯವಾದವು ಎಂದು ನೋಡಿ. ಅರ್ಧ ದಿನದ ಕೆಲಸ; ಹತ್ತು ಸಭೆಗಳಿಗಿಂತ ಹೆಚ್ಚು ಹೇಳುತ್ತದೆ.

ಇನ್ನು, ಎಲ್ಲರೂ ಆಡುವ ‘ಕೌಶಲ್ಯದ ಕೊರತೆ’ ಎಂಬ ಮಾತು. ಖಾಲಿ ಹುದ್ದೆಗೆಲ್ಲ ತರಬೇತಿಯೇ ಮದ್ದಲ್ಲ. ಜನ ಯಾವ ಹಂತದಲ್ಲಿ ಸೋರಿಹೋಗುತ್ತಾರೆ ಎಂದು ಹಿಡಿಯಬೇಕು. ಅರ್ಜಿಯೇ ಬರದಿದ್ದರೆ ಪಗಾರ ಅಥವಾ ಸಾರಿಗೆಯ ತೊಂದರೆ. ಅರ್ಜಿ ಬಂದು, ಡ್ರಾಯಿಂಗ್ ಓದುವುದರಲ್ಲೋ ಮೈಕ್ರೋಮೀಟರ್ ಹಿಡಿಯುವುದರಲ್ಲೋ ಸೋತರೆ ಅದು ನಿಜವಾದ ತರಬೇತಿಯ ಕೊರತೆ. ಸೇರಿ ಮೊದಲ ವಾರದಲ್ಲೇ ಓಡಿಹೋದರೆ ಕಾರಣ ಕೆಲಸದ ಜಾಗ: ಫೆಟ್ಲಿಂಗ್‌ನ ಸಿಲಿಕಾ ಧೂಳು, ಕುಲುಮೆಯ ಕಾವು, ಧೂಳೆಳೆಯುವ ವ್ಯವಸ್ಥೆಯಿಲ್ಲದ ಶೆಡ್ಡು. ಅಲ್ಲಿಗೆ ಸರ್ಟಿಫಿಕೇಟ್ ಕೊಟ್ಟು ಇನ್ನೂ 100 ಹುಡುಗರನ್ನು ಕಳಿಸುವುದು ಅನ್ಯಾಯ. ಆ ಧೂಳಿನಿಂದ ಸಿಲಿಕೋಸಿಸ್ ಕಾಯಿಲೆ ಬಂದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ. ಒಂದು ವರ್ಷ ದುಡಿದು ಹೋದರೆ, ಕಲಿತವನಿಗೆ ಪಕ್ಕದವರು ಹೆಚ್ಚು ಕೊಟ್ಟಿದ್ದಾರೆ ಎಂದರ್ಥ.

ಆ ಪಕ್ಕದವರು ಜಿಲ್ಲೆಯೊಳಗೇ ಇರಬೇಕೆಂದಿಲ್ಲ. ನಿಪ್ಪಾಣಿ ಕಡೆಯ ಹುಡುಗನಿಗೆ ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆಯ ಕೈಗಾರಿಕಾ ಪ್ರದೇಶಗಳಾದ ಕಾಗಲ್, ಗೋಕುಳ ಶಿರಗಾಂವ್ ಬೆಳಗಾವಿಗಿಂತ ಹತ್ತಿರ. ಕೊಲ್ಲಾಪುರದ ಫೌಂಡ್ರಿಗಳೂ ಬೆಳಗಾವಿಯ ಫೌಂಡ್ರಿಗಳೂ ಒಂದೇ ಜನರನ್ನು ಎಳೆದಾಡುತ್ತವೆ. ಯೋಜನೆಯ ಗಡಿಯನ್ನು ಜಿಲ್ಲೆಯ ನಕ್ಷೆಯಿಂದಲ್ಲ, ಜನ ದಿನವೂ ಹೋಗಿಬರುವ ದಾರಿಯಿಂದ ಎಳೆಯಿರಿ. ಮಹಿಳೆಯರ ಮಟ್ಟಿಗಂತೂ ಬಸ್ಸಿನದೇ ದೊಡ್ಡ ಪ್ರಶ್ನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಖರ್ಚು ಉಳಿದಿದೆ. ಆದರೆ ರಾತ್ರಿ ಪಾಳಿ ಬಿಡುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಆ ಉಳಿತಾಯ ಉಪಯೋಗಕ್ಕೆ ಬಾರದು. ಪಾಳಿಯ ವೇಳಾಪಟ್ಟಿಯನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಯೋಜನೆಯ ಭಾಗವೇ ಆಗಬೇಕು.

ಹುದ್ದೆಯ ಹೆಸರು ನಂಬಿಯೂ ಮೋಸಹೋಗಬೇಡಿ. ‘ಫೌಂಡ್ರಿ ಟೆಕ್ನಿಷಿಯನ್ 30’ ಎಂದು ಬರೆದ ಕಡೆ ಹೋಗಿ ನೋಡಿದರೆ, ಬಹಳ ಸಲ ಅವರಿಗೆ ಬೇಕಿರುವುದು ಮರಳಿನ ಪರೀಕ್ಷೆ ಮಾಡುವವರು. ಗ್ರೀನ್ ಸ್ಯಾಂಡ್‌ನಲ್ಲಿ (ಜೇಡಿ, ನೀರು ಬೆರೆಸಿದ ಅಚ್ಚಿನ ಮರಳು) ತೇವ ಹೆಚ್ಚಾದರೆ ಎರಕದಲ್ಲಿ ಗಾಳಿಗುಳ್ಳೆ ಏಳುತ್ತದೆ, ಕಡಿಮೆಯಾದರೆ ಅಚ್ಚಿನ ಅಂಚು ಉದುರುತ್ತದೆ. ಪಾಳಿಯುದ್ದಕ್ಕೂ ಮರಳಿನ ಮಾದರಿ ತೆಗೆದು ತೇವ, ಕಾಂಪ್ಯಾಕ್ಟಬಿಲಿಟಿ (ಒತ್ತಿದಾಗ ಎಷ್ಟು ಕುಗ್ಗುತ್ತದೆ), ಗ್ರೀನ್ ಸ್ಟ್ರೆಂತ್ (ಹಸಿ ಮರಳಿನ ಬಲ) ನೋಡಿ, ತಪ್ಪಿದ್ದರೆ ಮಿಕ್ಸರ್ ನಿಲ್ಲಿಸುವಷ್ಟು ಧೈರ್ಯವಿರುವ ಒಬ್ಬ ಪಾಳಿಗೆ ಬೇಕು. ಅದಕ್ಕೆ ಎರಡು ವರ್ಷದ ಕೋರ್ಸ್ ಬೇಕಿಲ್ಲ; ಲ್ಯಾಬ್ ಇರುವ ಜಾಗದಲ್ಲಿ ಕೆಲವು ವಾರಗಳ ತರಬೇತಿ ಸಾಕು. ಇದು ನಮೂನೆಯ ಯಾವ ಕಾಲಂನಲ್ಲೂ ಬರುವುದಿಲ್ಲ.

ಪೂರೈಕೆಯ ಕಡೆಯೂ ಸೀಟನ್ನು ಜನ ಎಂದು ಎಣಿಸಬಾರದು. ಐಟಿಐ ಫಿಟ್ಟರ್ ಯೂನಿಟ್‌ನಲ್ಲಿ 20 ಸೀಟು, ಅವಧಿ 2 ವರ್ಷ. ಭರ್ತಿಯಾದವರು, ಮುಗಿಸಿದವರು, ಪಾಸಾದವರು ಎಂದು ಇಳಿಯುತ್ತಾ ಬನ್ನಿ. ಪಾಸಾದವರಲ್ಲೂ ಕೆಲವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುತ್ತಾರೆ, ಕೆಲವರು ಪುಣೆ, ಬೆಂಗಳೂರಿಗೆ ಹೋಗುತ್ತಾರೆ. ಉಳಿದವರೇ ನಿಮ್ಮ ಪೂರೈಕೆ. ಕಾಲವನ್ನೂ ಲೆಕ್ಕಕ್ಕೆ ತನ್ನಿ. ಹೊಸ ಯೂನಿಟ್‌ಗೆ ಮಾನ್ಯತೆ, ಯಂತ್ರ ಖರೀದಿ, ಬೋಧಕರ ನೇಮಕ ಮುಗಿದು, ಪ್ರವೇಶವಾಗಿ, ಮೊದಲ ತಂಡ ಹೊರಬರಲು ಮೂರು ವರ್ಷವಾದರೂ ಹಿಡಿಯುತ್ತದೆ. ಬರುವ ವರ್ಷದ ಬೇಡಿಕೆಗೆ ಐಟಿಐ ಉತ್ತರವಲ್ಲ.

ಬರುವ ವರ್ಷಕ್ಕೆ ಕೈಯಲ್ಲಿರುವ ದಾರಿ, ಕಾರ್ಖಾನೆಯಲ್ಲೇ ದುಡಿಯುತ್ತಾ ಕಲಿಯುವ ಅಪ್ರೆಂಟಿಸ್‌ಶಿಪ್. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಒಟ್ಟು ನೌಕರ ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಗುತ್ತಿಗೆಯವರೂ ಆ ಎಣಿಕೆಗೆ ಸೇರುತ್ತಾರೆ. ಕಾಯಂ 60, ಗುತ್ತಿಗೆ 140 ಇರುವ ಫೌಂಡ್ರಿ ಬರೀ ಕಾಯಂ ನೌಕರರನ್ನು ಎಣಿಸಿ ಇಬ್ಬರನ್ನು ತೆಗೆದುಕೊಂಡರೆ ಸಾಲದು. 200ಕ್ಕೆ ಕನಿಷ್ಠ 5, ಗರಿಷ್ಠ 30. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಸಮಿತಿಯ ಮುಂದೆ ಕಾರ್ಖಾನೆವಾರು ಈ ಒಂದು ಪಟ್ಟಿ ಇಡಿ: ಒಟ್ಟು ಬಲ, ಬರಬೇಕಾದ ಅಪ್ರೆಂಟಿಸ್, ಈಗಿರುವ ಅಪ್ರೆಂಟಿಸ್, ಮುಗಿಸಿದ ಮೇಲೆ ಅಲ್ಲೇ ಕೆಲಸಕ್ಕೆ ಉಳಿದವರು. ನಾಲ್ಕನೇ ಕಾಲಂ ಖಾಲಿ ಇರುವ ಕಾರ್ಖಾನೆಯಿಂದ ಹೊಸ ಬೇಡಿಕೆ ಪತ್ರ ತೆಗೆದುಕೊಳ್ಳುವ ಮೊದಲು, ಉಳಿಯದೆ ಹೋದ ಅಪ್ರೆಂಟಿಸ್‌ಗಳಿಗೆ ಫೋನ್ ಮಾಡಿ ಯಾಕೆ ಬಿಟ್ಟಿರಿ ಎಂದು ಕೇಳಿ.