ದೋನ್ಯಾ ಮೆನ್ಸಿಯಾದ ಹಳೇ ಸ್ಟೇಷನ್ನಿನಲ್ಲಿ

ನವೆಂಬರ್ 9, 2024, ಶನಿವಾರ
ದೋನ್ಯಾ ಮೆನ್ಸಿಯಾ, ಕೋರ್ದೊಬಾ ಪ್ರಾಂತ್ಯ

ಅಣ್ಣನ ಫೋನು ಬಂದಾಗ ಅಲ್ಕಾವುದೆತೆಯ ಕೋಟೆ ಇನ್ನೂ ಬೆನ್ನ ಹಿಂದೆ ಕಾಣುತ್ತಲೇ ಇತ್ತು. ಊರಲ್ಲಿ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದನಂತೆ. "ಟಿ.ವಿ.ಲಿ ನೋಡಿದ್ರೆ ಸ್ಪೇನೆಲ್ಲ ನೀರಲ್ಲಿ ಮುಳುಗಿದ ಹಾಗಿದೆ, ನೀವಿಬ್ರು ಅಲ್ಲಿ ಸೈಕಲ್ ಹೊಡೀತಾ ಇದೀರಲ್ಲ" ಅಂದ. ಪ್ರವಾಹ ಬಂದದ್ದು ವಲೆನ್ಸಿಯಾ ಕಡೆ, ನಾವಿರುವ ಜಾಗದಿಂದ ನಾನೂರು ಕಿಲೋಮೀಟರ್ ದೂರ ಅಂತ ಬಿಡಿಸಿ ಹೇಳಿದೆ. ಇನ್ನೂರಕ್ಕೂ ಹೆಚ್ಚು ಜನ ಹೋಗಿಬಿಟ್ಟಿದ್ದಾರೆ. ಬೆಳಿಗ್ಗೆ ನಾನೂ ಇಲ್ಲಿ ಓದುತ್ತಿರುವ ಮಗಳು ಪುಟ್ಟಿಯೂ ಕಾಫಿ ಕುಡಿದ ಅಂಗಡಿಯಲ್ಲಿ ಎಲ್ಲರ ಕಣ್ಣೂ ಟಿ.ವಿ. ಮೇಲೇ ಇತ್ತು. ಬ್ರೆಡ್ಡಿಗೆ ಟೊಮೇಟೊ ಸವರಿ ಎಣ್ಣೆ ಸುರಿದುಕೊಂಡು ತಿನ್ನುತ್ತಿದ್ದ ಗಂಡಸರು ಒಬ್ಬರಿಗೊಬ್ಬರು ಮಾತಾಡದೆ ತಿಂದು ಎದ್ದು ಹೋದರು.

ಅಣ್ಣನಿಗೆ ಅವನದೇ ಚಿಂತೆ. ಅಡಿಕೆಯ ಕೊನೆಕೊಯ್ಲು ಶುರುವಾಗಿದೆ, ಮರ ಹತ್ತುವವರು ಸಿಗುತ್ತಿಲ್ಲ, ಕೆಳಗಿನ ತೋಟದ ತುಂಬಾ ಎಲೆಚುಕ್ಕಿ ರೋಗ. ಇಲ್ಲೂ ಕೊಯ್ಲೇ ನಡೀತಾ ಇದೆ ಅಣ್ಣಾ ಅಂದೆ. "ಎಂತದ್ದು?" ಅಂದ. ಆಲಿವ್ ಅಂದೆ. ಎಕರೆಗೆ ಎಷ್ಟು ಮರ ಅಂತ ಕೇಳಿದ. ಕೃಷಿಕರ ಮೊದಲ ಪ್ರಶ್ನೆ ಎಲ್ಲಿ ಹೋದರೂ ಅದೇ. ಹಳೇ ಕ್ರಮದ ತೋಟದಲ್ಲಿ ಎಕರೆಗೆ ನಲವತ್ತು ಚಿಲ್ಲರೆ ಅಂದಾಗ ನಂಬಲಿಲ್ಲ.

ಓದುತ್ತಿರುವವರಲ್ಲಿ ಕೆಲವರು ದಾರಿಯ ವಿವರ ಕೇಳಿದ್ದೀರಿ, ಬರೆದುಬಿಡುತ್ತೇನೆ. ಇದು ಹಾಯೆನ್ ಪಟ್ಟಣದಿಂದ ಪುಯೆಂತೆ ಹೆನಿಲ್‌ವರೆಗೆ ಸುಮಾರು 128 ಕಿ.ಮೀ. ಉದ್ದದ ವಿಯಾ ವೆರ್ದೆ ದೆಲ್ ಅಸೈತೆ, ಅಂದರೆ ಎಣ್ಣೆಯ ಹಸಿರುದಾರಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾಕಿದ ರೈಲುಮಾರ್ಗ, ಎಣ್ಣೆ ಸಾಗಿಸಲಿಕ್ಕೆ. 1980ರ ದಶಕದ ನಡುವೆ ರೈಲು ನಿಂತಿತು, ಹಳಿ ಕಿತ್ತರು. ಹಾಗೆ ಸತ್ತುಹೋದ ಹಳಿದಾರಿಗಳನ್ನು ಸ್ಪೇನಿನವರು 1993ರಿಂದ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುತ್ತಾ ಬಂದಿದ್ದಾರೆ, ದೇಶದಲ್ಲೆಲ್ಲ ಸೇರಿ ಈಗ ಮೂರು ಸಾವಿರ ಕಿ.ಮೀ. ದಾಟಿದೆ. ರೈಲಿಗೆ ಕಡಿದಾದ ಏರು ಆಗುವುದಿಲ್ಲವಾದ್ದರಿಂದ ದಾರಿ ಗುಡ್ಡವನ್ನು ಬಳಸಿ ಬಳಸಿ ಹೋಗುತ್ತದೆ. ನನ್ನ ವಯಸ್ಸಿನ ಮಂಡಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಧೈರ್ಯವಾಗಿ ಬನ್ನಿ. ಮಳೆ ಬಂದ ಮಾರನೇ ದಿನ ಮಾತ್ರ ಬೇಡ. ತೋಟದ ಟ್ರ್ಯಾಕ್ಟರುಗಳು ಅಡ್ಡ ಹಾಯುವಲ್ಲಿ ಜೇಡಿ ಹರಡಿರುತ್ತದೆ. ಅದು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸೇರಿಕೊಂಡು ಚಕ್ರವೇ ತಿರುಗುವುದಿಲ್ಲ. ಇವತ್ತು ನಾವಿಬ್ಬರೂ ಮರದ ಬುಡದಲ್ಲಿ ಕೂತು ಒಣಕಡ್ಡಿಯಿಂದ ಕೆರೆದು ಕೆರೆದು ತೆಗೆದೆವು. ಕಡ್ಡಿ ಮುರಿಯುತ್ತದೆಯೇ ಹೊರತು ಮಣ್ಣು ಬಿಡುವುದಿಲ್ಲ.

ಹಾಗೆ ಕೂತದ್ದರಿಂದಲೇ ಮರವನ್ನು ಸರಿಯಾಗಿ ನೋಡಿದೆ. ದೂರದಿಂದ ಒಂದೇ ಮರ ಅಂತ ಕಾಣುವುದು ಹತ್ತಿರ ಹೋದರೆ ಮೂರು ಕಾಂಡ. ಒಂದೇ ಗುಂಡಿಯಲ್ಲಿ ಮೂರು ನೆಟ್ಟು, ಮೂರೂ ಹೊರಗೆ ಬಾಗಿ, ಮೇಲೆ ಹೋಗಿ ಒಂದೇ ನೆತ್ತಿಯಾಗಿವೆ. ಬುಡದ ಸುತ್ತ ಹುಲ್ಲುಕಡ್ಡಿಯೂ ಇಲ್ಲದಂತೆ ನೆಲ ಚೊಕ್ಕಟ ಮಾಡಿ ಬಲೆ ಹಾಸುತ್ತಾರೆ. ಪಕ್ಕದ ಸಾಲಿನಲ್ಲಿ ಯಂತ್ರವೊಂದು ಕಾಂಡವನ್ನು ಹಿಡಿದು ಅಲುಗಿಸುತ್ತಿತ್ತು. ಕೆಲವೇ ಕ್ಷಣ, ಕಾಯಿಗಳು ದಬದಬ ಉದುರಿದವು. ಉಳಿದದ್ದನ್ನು ಇಬ್ಬರು ಉದ್ದನೆ ಕೋಲಿನಿಂದ ಬಡಿದು ಇಳಿಸುತ್ತಿದ್ದರು. ಹಾಯೆನ್ ಪ್ರಾಂತ್ಯ ಒಂದರಲ್ಲೇ ಆರು ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ. ನಿನ್ನೆ ಇಡೀ ದಿನ ತುಳಿದರೂ ಕಣ್ಣು ಹಾಯುವ ತನಕ ಬೇರೆ ಬೆಳೆ ಕಾಣಲಿಲ್ಲ. ಅದು ಚಂದವೂ ಹೌದು, ನನಗೆ ಹೆದರಿಕೆಯೂ ಹೌದು. 2021-22ರಲ್ಲಿ ಸ್ಪೇನಿನಲ್ಲಿ ಸುಮಾರು 15 ಲಕ್ಷ ಟನ್ ಎಣ್ಣೆ ಆಗಿತ್ತು. ಮರುವರ್ಷ ಬರ, ಹೂ ಬಿಡುವ ಮೇ ತಿಂಗಳಲ್ಲೇ ಸುಡುಬಿಸಿಲು, ಏಳು ಲಕ್ಷ ಟನ್ನೂ ಆಗಲಿಲ್ಲ. ಅದರ ಮುಂದಿನ ವರ್ಷವೂ ಹೆಚ್ಚುಕಡಿಮೆ ಅದೇ ಪಾಡು. ಒಂದೇ ಬೆಳೆ ನಂಬಿದ ಸೀಮೆಯ ಸಂಕಟ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗ್ವಾದಾಹೋಸ್ ಹೊಳೆಯ ಕಬ್ಬಿಣದ ಸೇತುವೆ ದಾಟಿದರೆ ಕೋರ್ದೊಬಾ ಪ್ರಾಂತ್ಯ. ಮುಂದೆ ಸಲೊಬ್ರಾಲ್ ಅನ್ನುವ ಉಪ್ಪುನೀರಿನ ಕೆರೆ, ಆಮೇಲೆ ಲೂಕೆ, ಬಂಡೆಯ ತುದಿಗೆ ಅಂಟಿಕೊಂಡ ಸುಯೇರೋಸ್. ಸುಯೇರೋಸ್‌ಗೆ ಸೈಕಲ್ ತಳ್ಳಿಕೊಂಡು ಹತ್ತಿದೆವು. ಊರೆಲ್ಲ ಸುಣ್ಣದ ಗೋಡೆ, ಚೌಕದ ಪಕ್ಕದಲ್ಲೇ ಕೋಟೆ. ಅದರ ಮೇಲಿನ ಬೆಟ್ಟದಲ್ಲಿ ಬಾವಲಿಗಳ ಗವಿ ಇದೆ, ನವಶಿಲಾಯುಗದ ಜನ ಇದ್ದ ಜಾಗ. ಹೊತ್ತಾಗಿತ್ತು, ಹೋಗಲಿಲ್ಲ.

ಪುಟ್ಟಿ ಚೌಕದ ಕಟ್ಟೆಯಲ್ಲಿ ಕೂತು ದೂರದ ಗುಡ್ಡಗಳ ನೆತ್ತಿಯ ಮೇಲಿನ ಕಾವಲುಗೋಪುರಗಳನ್ನು ಒಂದೊಂದಾಗಿ ತೋರಿಸಿದಳು. ಕೋರ್ದೊಬಾ 1236ರಲ್ಲಿ ಕ್ರೈಸ್ತ ದೊರೆಯ ಕೈಸೇರಿತು, ಹಾಯೆನ್ 1246ರಲ್ಲಿ. ಮುಸ್ಲಿಮರ ಕೊನೆಯ ರಾಜ್ಯ ಗ್ರನಾದಾ ಬಿದ್ದದ್ದು 1492ರಲ್ಲಿ. ನಡುವಿನ ಸುಮಾರು 250 ವರ್ಷ ಇದೇ ಗಡಿ. ಒಂದು ಗೋಪುರದಲ್ಲಿ ಹೊಗೆ ಎದ್ದರೆ ಮುಂದಿನದಕ್ಕೆ ಸುದ್ದಿ. ನಾಳೆ ನೋಡಲಿರುವ ಲುಸೇನಾ ಒಂದು ಕಾಲಕ್ಕೆ ಯಹೂದ್ಯರ ಪಟ್ಟಣ, ಅವರ ದೊಡ್ಡ ವಿದ್ಯಾಕೇಂದ್ರ. ಹನ್ನೆರಡನೇ ಶತಮಾನದಲ್ಲಿ ಅವರು ಊರು ಬಿಡಬೇಕಾಯಿತು. ಗ್ರನಾದಾದ ಕಡೆಯ ಸುಲ್ತಾನ ಬೊವಾಬ್ದಿಲ್ 1483ರಲ್ಲಿ ಸೆರೆ ಸಿಕ್ಕಿದ್ದು ಅಲ್ಲೇ. ಅವನೂ ಕೊನೆಗೆ ಸಮುದ್ರ ದಾಟಿ ಹೋದ. ಮತಾಂತರವಾಗಿ ಉಳಿದ ಮುಸ್ಲಿಮರನ್ನೂ 1609ರಿಂದ ದೇಶದಿಂದಲೇ ಹೊರಹಾಕಿದರು. ಪುಟ್ಟಿ ಇದನ್ನೆಲ್ಲ ಹೇಳುವಾಗ ಅವಳ ಕೈಯಾಡಿಸುವ ರೀತಿ, ದನಿ ಏರುವುದು, ಎಲ್ಲ ಇಲ್ಲಿಯವರ ಹಾಗೇ ಆಗಿದೆ. ನನಗೆ ಹೆಮ್ಮೆಯಾಯಿತು. ಹೆಮ್ಮೆಯ ಬೆನ್ನಿಗೇ ಇನ್ನೊಂದು, ಅದಕ್ಕೆ ಆಗ ಹೆಸರಿಡಲಿಲ್ಲ.

ಸಂಜೆ ಐದರ ಹೊತ್ತಿಗೆ ದೋನ್ಯಾ ಮೆನ್ಸಿಯಾ. ಹಳೇ ಸ್ಟೇಷನ್ ಕಟ್ಟಡ ಇನ್ನೂ ಇದೆ. ಅದರೆದುರಿನ ಬೆಂಚಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು, ಎಂಬತ್ತರ ಹತ್ತಿರ ಇರಬಹುದು. ಕಾಲಿಗೆ ಬಿಳೀ ಕ್ಯಾನ್ವಾಸ್ ಬೂಟು, ಮೇಲೆ ದಪ್ಪ ಸ್ವೆಟರು. ನಮ್ಮ ಸೈಕಲ್ಲಿನ ಕೆಸರು ನೋಡಿ ಅವರೇ ಮಾತು ತೆಗೆದರು. ಡಾಕ್ಟರು ದಿನಾ ನಡೆಯಲು ಹೇಳಿದ್ದಾರಂತೆ, ಇದೇ ದಾರಿಯಲ್ಲಿ ಹೋಗಿ ಬರುತ್ತಾರಂತೆ. ಪುಟ್ಟಿ ನಡುವೆ ಕೂತು ಇತ್ತಲಿಂದ ಅತ್ತ, ಅತ್ತಲಿಂದ ಇತ್ತ ಮಾತು ದಾಟಿಸುತ್ತಿದ್ದಳು.

ಅವರಪ್ಪ ದಿನಗೂಲಿ. ಬೆಳಿಗ್ಗೆ ಊರ ಚೌಕದಲ್ಲಿ ಗಂಡಸರೆಲ್ಲ ನಿಲ್ಲಬೇಕಿತ್ತು, ಮೇಸ್ತ್ರಿ ಬಂದು ನೀನು ಬಾ, ನೀನು ಬಾ ಅಂತ ಆರಿಸುತ್ತಿದ್ದ. ಎದುರುತ್ತರ ಕೊಡುವವನು ಅಂತ ಹೆಸರು ಬಿದ್ದವನನ್ನು ಕರೆಯುತ್ತಿರಲಿಲ್ಲ. ಕೊಯ್ಲು ಮುಗಿದ ಮೇಲೆ ಯಾರಿಗೂ ಕೆಲಸ ಇಲ್ಲ. ಗಂಡಸರು ಕೋಲಿನಿಂದ ಬಡಿಯುವುದು, ಹೆಂಗಸರು ಮಕ್ಕಳು ಮಂಡಿಯೂರಿ ನೆಲದಿಂದ ಆರಿಸುವುದು. ಡಿಸೆಂಬರಿನ ಹೆಪ್ಪುಗಟ್ಟಿದ ಇಬ್ಬನಿಯಲ್ಲಿ ನೆಲ ಕಲ್ಲಾಗಿರುತ್ತಿತ್ತಂತೆ. ಇಲ್ಲಿಗೆ ಬಂದಾಗ ಅಜ್ಜಿ ಕೈ ಮುಂದೆ ಚಾಚಿ ತೋರಿಸಿದರು. ಓಕ್ ಮರದ ಕಾಯಿ ಇರುತ್ತದಲ್ಲ, ಅದರ ತೊಟ್ಟಿನ ಬಟ್ಟಲು, ಅದನ್ನು ಬೆರಳ ತುದಿಗೆ ಒಂದೊಂದು ಹಾಕಿಕೊಳ್ಳುತ್ತಿದ್ದರಂತೆ, ಉಗುರು ಕಿತ್ತುಹೋಗದಿರಲಿ ಅಂತ. ಸರಿಯಾದ ಅಳತೆಯ ಬಟ್ಟಲು ಸಿಕ್ಕಿದರೆ ಯಾರಿಗೂ ಕೊಡದೆ ಮುಂದಿನ ವರ್ಷಕ್ಕೆ ಎತ್ತಿಡುತ್ತಿದ್ದರಂತೆ. ತೋರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಾ ಹೇಳಿದರು.

ಅರವತ್ತರ ದಶಕದ ಶುರುವಿನಲ್ಲಿ, ಹದಿನಾರರ ಹುಡುಗಿ, ಚಿಕ್ಕಪ್ಪನ ಸಂಸಾರದ ಜೊತೆ ಇದೇ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದರು. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು. ಹಾಯೆನ್ ದಾಟಿದ ಮೇಲೆ ದೊಡ್ಡ ರೈಲು, ಜನ ಅದನ್ನು ಸೆವಿಯಾನೋ ಅಂತ ಕರೆಯುತ್ತಿದ್ದರು, ಸೆವಿಯಾದಿಂದ ಬಾರ್ಸೆಲೋನಾಗೆ ಹೋಗುವುದು. ಸೀಟಿಲ್ಲ, ನಡುವಿನ ದಾರಿಯಲ್ಲಿ ಪೆಟ್ಟಿಗೆಯ ಮೇಲೇ ಕೂತು ಹೋದದ್ದು. ಬಾರ್ಸೆಲೋನಾ ಪಕ್ಕದ ಕೊರ್ನೆಯಾದಲ್ಲಿ ಮನೆ, ಬಟ್ಟೆ ಮಿಲ್ಲಿನಲ್ಲಿ ಕೆಲಸ. ಆ ಎರಡು ಮೂರು ದಶಕಗಳಲ್ಲಿ ಈ ದಕ್ಷಿಣದ ಸೀಮೆ ಅಂದಲೂಸಿಯಾ ಬಿಟ್ಟವರು ಹತ್ತು ಲಕ್ಷಕ್ಕೂ ಮೀರಿ ಅಂತ ಪುಟ್ಟಿ ನಡುವೆ ಸೇರಿಸಿದಳು. ಅಜ್ಜಿಗೆ ಆ ಲೆಕ್ಕ ಬೇಕಿರಲಿಲ್ಲ. ಅವರ ಬೀದಿಯಲ್ಲಿ ಯಾವ ಯಾವ ಮನೆ ಬಾಗಿಲು ಹಾಕಿತು ಅಂತ ಹೆಸರು ಹಿಡಿದು ಹೇಳುತ್ತಾ ಹೋದರು.

"ನಿಮ್ಮ ಅಮ್ಮ ಸ್ಟೇಷನ್ನಿಗೆ ಬಂದಿದ್ರಾ, ಕೇಳು" ಅಂದೆ ಪುಟ್ಟಿಗೆ.

ಬರಲಿಲ್ಲವಂತೆ. ಜನವರಿ ತಿಂಗಳು, ಕೊಯ್ಲಿನ ನಡುವೆ. ಒಂದು ದಿನದ ಕೂಲಿ ಹೋಗುತ್ತಿತ್ತು.

ಅಷ್ಟು ಹೇಳಿ ಅಜ್ಜಿ ಸ್ವೆಟರಿನ ಗುಂಡಿ ಹಾಕಿಕೊಂಡರು. ಗಂಡನಿಗೆ ನಿವೃತ್ತಿಯಾದ ಮೇಲೆ ಇಬ್ಬರೂ ಊರಿಗೆ ವಾಪಸ್ ಬಂದರಂತೆ. ಆ ಹೊತ್ತಿಗೆ ರೈಲು ಇರಲಿಲ್ಲ, ಬಸ್ಸಿನಲ್ಲಿ ಬಂದದ್ದು. ಮಕ್ಕಳು ಅಲ್ಲೇ ಉಳಿದರು. ಮೊಮ್ಮಕ್ಕಳು ತಮ್ಮತಮ್ಮಲ್ಲಿ ಮಾತಾಡುವುದು ಬಾರ್ಸೆಲೋನಾ ಕಡೆಯ ಭಾಷೆ ಕತಲಾನ್. ಆಗಸ್ಟಿನಲ್ಲಿ ಬರುತ್ತಾರೆ, ಸೆಕೆ ಅನ್ನುತ್ತಾರೆ, ಹೋಗುತ್ತಾರೆ.

ನನಗೆ ಗಂಟಲು ಕಟ್ಟಿತು. ನಾನು ಬೆಂಗಳೂರಿನ ಬಸ್ಸು ಹತ್ತಿದ ದಿನ ಅಮ್ಮ ಎಲ್ಲಿದ್ದಳು? ಅಂಗಳದಲ್ಲಿ ಅಡಿಕೆ ಸುಲಿಯುವ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದದ್ದು ನೆನಪಿದೆ. ಅವರಿಗೆ ಚಾ ಕಾಸುತ್ತಿದ್ದಳೋ, ಬಾಗಿಲಿಗೆ ಬಂದಿದ್ದಳೋ.

ಆಮೇಲೆ ಅಜ್ಜಿ ಪುಟ್ಟಿಯ ಕಡೆ ತಿರುಗಿ ಏನೋ ಕೇಳಿದರು. ಸಣ್ಣ ಪ್ರಶ್ನೆ. ಪುಟ್ಟಿ ತಕ್ಷಣ ಹೇಳಲಿಲ್ಲ. ನೆಲ ನೋಡಿಕೊಂಡು ಶುರುಮಾಡಿದವಳು ಸುಮಾರು ಹೊತ್ತು ಮಾತಾಡಿದಳು, ಕೈಯಾಡಿಸದೆ, ದನಿ ಏರಿಸದೆ. ಅದರಲ್ಲಿ ನನಗೆ ತಿಳಿದದ್ದು "ಮಿ ಮಾದ್ರೆ" ಅನ್ನುವುದೊಂದೇ, ನನ್ನಮ್ಮ. ಎರಡು ಸಲ ಬಂತು. ಅಜ್ಜಿ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ಅವಳ ಮೊಣಕೈ ಹಿಡಿದು ಒಂದೆರಡು ಮಾತು ಹೇಳಿ ಎದ್ದರು. ನನಗೆ ಎರಡೂ ಕೆನ್ನೆಗೆ ಮುತ್ತು ಕೊಟ್ಟು ಹೋದರು.

"ಏನಂದ್ರು?"

"ಏನಿಲ್ಲಮ್ಮ, ಓದಿನ ವಿಷಯ."

ಅಷ್ಟು ಹೊತ್ತು ಒಂದಕ್ಷರ ಬಿಡದೆ ದಾಟಿಸಿದವಳು. ಅಜ್ಜಿ ಕೆಮ್ಮಿದ್ದನ್ನೂ ಹೇಳುವಷ್ಟು ನಿಷ್ಠೆಯಿಂದ. ಜೂನಿಗೆ ಅವಳ ಓದು ಮುಗಿಯುತ್ತದೆ. ಆಮೇಲೆ ಏನು ಅಂತ ಅವಳಪ್ಪನೂ ಕೇಳಿಲ್ಲ, ನಾನೂ ಕೇಳಿಲ್ಲ. ವಿಡಿಯೋ ಕಾಲಿನಲ್ಲಿ ಕೇಳುವ ಮಾತಲ್ಲ ಅಂತ ಇಟ್ಟುಕೊಂಡೇ ನಾನು ಇಲ್ಲಿಗೆ ಬಂದದ್ದು.

ರೂಮಿನಲ್ಲಿ ಹೀಟರ್ ಹಾಕಿದ್ದೇವೆ, ಒಗೆದ ಸಾಕ್ಸ್ ಅದರ ಮೇಲಿದೆ. ರಾತ್ರಿ ಊಟಕ್ಕೆ ಕಡಲೆ ಪಾಲಕ್ ಹಾಕಿದ ಪಲ್ಯ ಸಿಕ್ಕಿತು, ಜೀರಿಗೆ ಹಾಕಿದ್ದರು, ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡೆವು. ಚೆನ್ನಾಗಿ ನಕ್ಕೆವು ಕೂಡ. ಅವಳು ಮಲಗಿದ್ದಾಳೆ.

ಇರುತ್ತೇನೆ ಅಂದರೆ ಇರಲಿ. ನಾನು ತಡೆಯುವವಳಲ್ಲ, ತಡೆದರೆ ಅದು ಅನ್ಯಾಯ. ಆದರೆ ಬೇರೆಯವರ ಹತ್ತಿರ ಹೇಳಿದ್ದನ್ನು ನನಗೂ ಹೇಳಬೇಕು, ನನ್ನ ಭಾಷೆಯಲ್ಲಿ ಹೇಳಬೇಕು. ನಾಳೆ ಕಾಬ್ರಾ ತನಕ ದಾರಿ ಅಗಲವಾಗಿದೆಯಂತೆ, ಇಬ್ಬರೂ ಅಕ್ಕಪಕ್ಕ ಹೋಗಬಹುದು. ಸೈಕಲ್ ತುಳಿಯುವಾಗ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಕೇಳಲಿಕ್ಕೆ ಅದೇ ಸುಲಭ. ಇಲ್ಲವಾದರೆ ಲುಸೇನಾದಲ್ಲಿ ಊಟಕ್ಕೆ ಕೂತಾಗ. ಅಥವಾ ಅವಳೇ ತೆಗೆಯುವ ತನಕ ಸುಮ್ಮನಿದ್ದು, ಪುಯೆಂತೆ ಹೆನಿಲ್‌ನಲ್ಲಿ ರೈಲಿಗೆ ಕಾಯುವಾಗ