ಸಂಘದ ಸ್ಟೋರೇಜ್ ಬಾಕ್ಸ್: ಕೆಟ್ಟ ಡ್ರೈವ್ ವಾರಂಟಿಗೆ ಕೊಡುವ ಮುಂಚೆ

ಜುಲೈ, ಮೊದಲ ವಾರ

ನಮ್ಮ ಕನ್ನಡ ಸಂಘದ ಹಳೆ ಕಡತ, ಫೋಟೊ, ಯಕ್ಷಗಾನದ ವಿಡಿಯೊ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುವ ಕೆಲಸ ಮುಂಬೈ ಪಕ್ಕದ ಡೊಂಬಿವಲಿಯ ಮನೆಯಲ್ಲಿ ನಡೆದೇ ಇದೆ. ಈ ಸಲ ಕ್ಯಾಸೆಟ್ ಸುದ್ದಿ ಕಡಿಮೆ. ಇದನ್ನೆಲ್ಲ ತುಂಬಿಡುವ ಸ್ಟೋರೇಜ್ ಬಾಕ್ಸಿನ ಎರಡು 4 ಟಿಬಿ ಹಾರ್ಡ್ ಡ್ರೈವ್‌ಗಳಲ್ಲಿ ಒಂದು ಕೈಕೊಡುತ್ತಿದೆ. ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 5ನೇ ನಂಬರಿನ ರೀಅಲೊಕೇಟೆಡ್ ಸೆಕ್ಟರ್, ಅಂದರೆ ಕೆಟ್ಟಿತೆಂದು ಪಕ್ಕಕ್ಕಿಟ್ಟ ಜಾಗಗಳ ಲೆಕ್ಕ, ಏರುತ್ತಲೇ ಇದೆ. 197ನೇ ನಂಬರಿನ ಪೆಂಡಿಂಗ್ ಸೆಕ್ಟರ್, ಅಂದರೆ ಓದಲು ತಕರಾರು ಮಾಡುವ ಜಾಗಗಳ ಲೆಕ್ಕ ಕೂಡ ಸೊನ್ನೆ ಬಿಟ್ಟು ಮೇಲೆದ್ದಿದೆ. ಡೇಟಾ ಸಾಗುವಾಗಿನ ತಪ್ಪು ಎಣಿಸುವ 199 ಮಾತ್ರ ಏರಿದ್ದರೆ ಕೇಬಲ್ ಬದಲಿಸಿ ನೋಡುತ್ತಿದ್ದೆ. ಇದು ಡ್ರೈವ್‌ನದ್ದೇ ಕಾಯಿಲೆ. ವಾರಂಟಿ ಇನ್ನೂ ಇದೆ. ಆದರೆ ಹಳೆಯದನ್ನು ಕೊಟ್ಟರೆ ಮಾತ್ರ ಬದಲಿ ಸಿಗುತ್ತದೆ.

ತಕರಾರು ಅಲ್ಲೇ. ಬರೀ ಯಕ್ಷಗಾನ ಇದ್ದಿದ್ದರೆ ಯಾರು ಬೇಕಾದರೂ ನೋಡಲಿ, ಸಂತೋಷ. ವಿದ್ಯಾರ್ಥಿವೇತನದ ಅರ್ಜಿಗಳೂ ಅದರಲ್ಲೇ ಇವೆ. ಒಂದೊಂದು ಅರ್ಜಿಗೂ ಆಧಾರ್ ಪ್ರತಿ, ರೇಷನ್ ಕಾರ್ಡ್, ಪಾಸ್‌ಬುಕ್‌ನ ಮೊದಲ ಪುಟ, ಮಗುವಿನ ಮಾರ್ಕ್ಸ್ ಕಾರ್ಡ್. ಕೆಳಗೆ ಅಪ್ಪನ ಸಹಿ, ಮೊಬೈಲ್ ನಂಬರ್. ಮೋಸ ಮಾಡುವವನಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ನಾನು ಅಣ್ಣ ಅಂತ ಕರೆಯುವ ಕಾರ್ಯದರ್ಶಿಯವರಿಗೆ ಹೇಳಿದೆ. "ಅಲ್ಲ ಮಾರಾಯ, ಕಂಪನಿಯವರಿಗೆ ನಮ್ಮ ಪಾಸ್‌ಬುಕ್ ನೋಡಿ ಏನಾಗಬೇಕು?" ಅಂದರು. ಅಣ್ಣನ ಮಾತು ಅರ್ಧ ನಿಜ. ಸರ್ವಿಸ್ ಸೆಂಟರ್‌ನಲ್ಲಿ ಯಾರೂ ಕೂತು ಓದುವುದಿಲ್ಲ. ಆದರೆ ವಾಪಸು ಹೋದ ಡ್ರೈವ್ ಗುಜರಿಗೇ ಹೋಗುತ್ತದೆ ಅಂತಿಲ್ಲ. ರಿಪೇರಿಯಾಗಿ ಇನ್ನೊಬ್ಬರ ಕೈಗೆ ಬದಲಿ ಡ್ರೈವ್ ಆಗಿ ಬರಬಹುದು. ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್ ಎಂಬಿಬ್ಬರು 158 ಹಳೆ ಡ್ರೈವ್‌ಗಳನ್ನು ಕೊಂಡು ನೋಡಿ 2003ರಲ್ಲಿ ಬರೆದರು. ಓದಲು ಬಂದ 129ರಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರ್ ಸಿಕ್ಕಿದ್ದವು. ಅಣ್ಣನಿಗೆ ಇದನ್ನು ಕಳಿಸಿದೆ. "ಹಾಗಾದ್ರೆ ನೀನೇ ನೋಡಿ ಮಾಡು" ಎಂದು ಉತ್ತರ ಬಂತು.

ಜುಲೈ ಮಧ್ಯ

ನಮ್ಮದು ಮಿರರ್, ಅಂದರೆ ರೇಡ್ 1. ಎರಡೂ ಡ್ರೈವ್‌ನಲ್ಲಿ ಪೂರ್ತಿ ಪ್ರತಿ ಇರುತ್ತದೆ. ಒಂದನ್ನು ಹೊರಗೆ ತೆಗೆದರೆ ಅದೇ ಇಡೀ ಕಪಾಟು. ಡೇಟಾವನ್ನು ಹಲವು ಡ್ರೈವ್‌ಗಳಿಗೆ ಹಂಚುವ ರೇಡ್ 5 ಇದ್ದರೆ ಒಂದರಲ್ಲಿ ಬರೀ ಚೂರುಚೂರು ತಾನೇ ಅನ್ನುವವರಿದ್ದಾರೆ. ಲಿನಕ್ಸ್‌ನ ಎಂಡಿಎಡಿಎಂ ಎಂಬ ರೇಡ್ ಕಟ್ಟುವ ಪ್ರೋಗ್ರಾಂನಲ್ಲಿ ಒಂದು ಚೂರು ಮಾಮೂಲಾಗಿ 512 ಕೆಬಿ. ಮೊಬೈಲ್‌ನಲ್ಲಿ ಬಂದ ಆಧಾರ್ ಫೋಟೊ ಎಷ್ಟೋ ಸಲ 200 ಕೆಬಿಯೂ ಇರುವುದಿಲ್ಲ. ಒಂದೇ ಚೂರಿನಲ್ಲಿ ಇಡಿಯಾಗಿ ಕೂತಿರಬಹುದು.

ಮೊದಲು ಬೇರೊಂದು ಡ್ರೈವ್‌ಗೆ ಕಾಪಿ ಮಾಡಿ, ಅಲ್ಲಿಂದ ಫೈಲ್‌ಗಳು ತೆರೆಯುತ್ತವೆಯೇ ಅಂತ ನೋಡಿದೆ. ಆಮೇಲೆ ಡಿಡಿ ಎಂಬ ಲಿನಕ್ಸ್ ಕಮಾಂಡ್‌ನಿಂದ ಕೆಟ್ಟ ಡ್ರೈವ್‌ಗೆ ಪೂರ್ತಿ ಸೊನ್ನೆ ತುಂಬಿಸಲು ಬಿಟ್ಟೆ. ಸೆಕೆಂಡಿಗೆ 150 ಎಂಬಿ ಲೆಕ್ಕ ಹಿಡಿದರೂ 4 ಟಿಬಿಗೆ ಏಳು ಗಂಟೆಗೂ ಮೇಲೆ. ಕೆಟ್ಟ ಸೆಕ್ಟರ್ ಬಂದಲ್ಲಿ ಡ್ರೈವ್ ತಿಣುಕುತ್ತದೆ, ಅದಕ್ಕೂ ತಾಳ್ಮೆ ಬೇಕು. 35 ಸಲ ಅಳಿಸಬೇಕು ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಪೀಟರ್ ಗುಟ್‌ಮನ್ 1996ರಲ್ಲಿ ಅಂದಿನ ಡ್ರೈವ್‌ಗಳನ್ನು ಇಟ್ಟುಕೊಂಡು ಬರೆದದ್ದು. ಈಗಿನವಕ್ಕೆ ಒಂದು ಸಲ ಸಾಕು.

ಆದರೂ ಒಂದು ಸಂದು ಉಳಿಯುತ್ತದೆ. ಡ್ರೈವ್ ತಾನೇ ಪಕ್ಕಕ್ಕಿಟ್ಟ ಕೆಟ್ಟ ಸೆಕ್ಟರ್‌ಗಳಿಗೆ ಡಿಡಿ ತಲುಪುವುದಿಲ್ಲ. ಒಂದು ಸೆಕ್ಟರ್ 4096 ಬೈಟ್ ಅಂದುಕೊಳ್ಳಿ. ಹೆಸರು, ವಿಳಾಸ, ಖಾತೆ ನಂಬರ್ ಅದರಲ್ಲಿ ಆರಾಮಾಗಿ ಹಿಡಿಯುತ್ತವೆ. ಅದಕ್ಕೇ ಕೊನೆಗೆ ಎಚ್‌ಡಿಪಾರ್ಮ್ ಎಂಬ ಇನ್ನೊಂದು ಕಮಾಂಡ್‌ನಿಂದ ಎನ್‌ಹ್ಯಾನ್ಸ್‌ಡ್ ಸೆಕ್ಯೂರ್ ಎರೇಸ್ ಕೊಟ್ಟೆ. ಆ ಸೆಕ್ಟರ್‌ಗಳನ್ನೂ ಒರೆಸುವಂತೆ ಅದು ಡ್ರೈವ್‌ಗೇ ಹೇಳುತ್ತದೆ. ಡ್ರೈವ್ 'ಫ್ರೋಜನ್', ಅಂದರೆ ಇಂಥ ಆದೇಶಕ್ಕೆ ಬೀಗ ಬಿದ್ದಿದೆ, ಅಂತ ತೋರಿಸಿ ಒಪ್ಪಲಿಲ್ಲ. ಮಷಿನ್ ಸ್ಲೀಪ್‌ಗೆ ಹಾಕಿ ಎಬ್ಬಿಸಿದ ಮೇಲೆ ದಾರಿಗೆ ಬಂತು. ಡ್ರೈವ್ ಕೊರಿಯರ್‌ಗೆ ಹೋಯಿತು.

ಜುಲೈ ಕೊನೆ

ಇನ್ನೊಂದು ಕೇಸ್ ಇಷ್ಟು ಸುಲಭ ಅಲ್ಲ. ಸಂಘದ ಲೆಕ್ಕಪತ್ರ ಇದ್ದ ಪೋರ್ಟಬಲ್ ಡ್ರೈವ್ ಟಕ್ ಟಕ್ ಅನ್ನುತ್ತದೆ, ಕಂಪ್ಯೂಟರ್‌ಗೆ ಕಾಣಿಸುವುದೇ ಇಲ್ಲ. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯವನು ಕಿವಿಗೆ ಹಿಡಿದು, "ಡೆಡ್ ಹೋ ಗಯಾ ಸಾಬ್, ಅಬ್ ಕೌನ್ ಪಢೇಗಾ" ಎಂದ. ಸತ್ತಿದೆ, ಇನ್ನು ಯಾರು ಓದುತ್ತಾರೆ ಅಂತ. ಆದರೆ ಓದುವವರು ಇದ್ದಾರೆ. ಕೆಟ್ಟಿರುವುದು ಓದುವ ಹೆಡ್ ಅಥವಾ ಸರ್ಕ್ಯೂಟ್ ಬೋರ್ಡ್ ಇರಬಹುದು, ತಟ್ಟೆಯ ಮೇಲಿನ ಡೇಟಾ ಹೆಚ್ಚಾಗಿ ಹಾಗೇ ಇರುತ್ತದೆ. ಡೇಟಾ ರಿಕವರಿಯವರ ಹೊಟ್ಟೆಪಾಡೇ ಅದು.

ಮ್ಯಾಗ್ನೆಟ್ ಉಜ್ಜಿ ಅಂತ ಒಬ್ಬರು ಸಲಹೆ ಕೊಟ್ಟರು. ಡ್ರೈವ್ ಒಳಗೇ ನಿಯೋಡೈಮಿಯಂ ಮ್ಯಾಗ್ನೆಟ್ ಇರುತ್ತದೆ, ಫ್ರಿಜ್ ಮ್ಯಾಗ್ನೆಟ್ ಯಾವ ಲೆಕ್ಕ? ತೆರೆದರೆ ಅಥವಾ ತೂತು ಕೊರೆದರೆ ವಾರಂಟಿ ಹೋಯಿತು. ಕಂಪನಿಗಳಿಗಾದರೆ ಡೆಲ್, ಎಚ್‌ಪಿಇ ಥರದವರು ಕೆಟ್ಟ ಡ್ರೈವ್ ನಿಮ್ಮಲ್ಲೇ ಇಟ್ಟುಕೊಳ್ಳಿ ಎಂಬ ಸೌಲಭ್ಯವನ್ನು ದುಡ್ಡಿಗೆ ಕೊಡುತ್ತಾರೆ. ನಮ್ಮಂಥವರಿಗೆ ಅದೆಲ್ಲಿ?

ಲೆಕ್ಕ ಹಾಕಿದೆ. ವಾರಂಟಿಯಿಂದ ಉಳಿಯುವುದು ಒಂದು ಹೊಸ ಪೋರ್ಟಬಲ್ ಡ್ರೈವ್‌ನ ದುಡ್ಡು. ಅದರೊಳಗಿರುವುದು ಊರವರ ಖಾತೆ ನಂಬರ್. ವಾರಂಟಿ ಬೇಡ ಅಂದೆ, ಅಣ್ಣನೂ ಒಪ್ಪಿದರು. ಲೇಬಲ್ ಕೆಳಗೆ ಅಡಗಿದ್ದ ಸ್ಕ್ರೂ ಹುಡುಕುವುದೇ ದೊಡ್ಡ ಕೆಲಸ. ಪೋರ್ಟಬಲ್ ಡ್ರೈವ್‌ನ ತಟ್ಟೆ ಹೆಚ್ಚಾಗಿ ಗಾಜಿನದು. ಹಳೆ ಬೈರಾಸಿನಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡೇ ಸುತ್ತಿಗೆ ಎತ್ತಿದೆ. ಒಂದೇ ಏಟಿಗೆ ಪುಡಿಪುಡಿ. ಬಿಚ್ಚಿ ನೋಡಿದರೆ ಕನ್ನಡಿ ಚೂರಿನ ಹಾಗೆ ಹೊಳೆಯುತ್ತಿತ್ತು, ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ.

ಆಗಸ್ಟ್

ಬದಲಿ ಡ್ರೈವ್ ಬಂತು. ಮೇಲೆ 'ರಿಸರ್ಟಿಫೈಡ್' ಎಂಬ ಲೇಬಲ್. ಇದೂ ಯಾರೋ ವಾಪಸು ಕೊಟ್ಟದ್ದೇ ಇರಬೇಕು! ಕುತೂಹಲಕ್ಕೆ ಒಳಗೆ ಇಣುಕಿದೆ, ನೋಡಿದಷ್ಟೂ ಬರೀ ಸೊನ್ನೆ. ಅಣ್ಣನಿಗೆ ಲೇಬಲ್‌ನ ಫೋಟೊ ಕಳಿಸಿದೆ.

ಇನ್ನು ಮುಂದೆ ಎಲ್ಲ ಡ್ರೈವ್‌ಗೂ ಮೊದಲ ದಿನದಿಂದಲೇ ಲಕ್ಸ್ ಎನ್‌ಕ್ರಿಪ್ಷನ್, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಗೂಢಲಿಪಿ. ಆಗ ಡ್ರೈವ್ ಏಕ್‌ದಮ್ ಸತ್ತರೂ ಹಾಗೇ ಕೊಟ್ಟುಬಿಡಬಹುದು. ಪಾಸ್‌ವರ್ಡ್ ಗಟ್ಟಿ ಇರಬೇಕು ಅಷ್ಟೆ. ವೇಗದ ಚಿಂತೆ ಮಿನಿ ಪಿಸಿಯಲ್ಲಿ ಇಲ್ಲ. ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ಎಇಎಸ್ ಎಂಬ ಗೂಢಲಿಪಿಯ ಲೆಕ್ಕಕ್ಕೆ ಬೇರೆ ಸರ್ಕ್ಯೂಟ್ ಇಲ್ಲ, ಅದರಲ್ಲಿ ನಿಧಾನ. ಕಿರಿಕಿರಿ ಇರುವುದು ಕರೆಂಟಿನದ್ದು. ಮಳೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಪಾಸ್‌ವರ್ಡ್ ಹೊಡೆಯಬೇಕು. ನಾನು ಲೋಕಲ್ ರೈಲಿನಲ್ಲಿ ಜೋತಾಡುತ್ತಿರುವಾಗಲೇ ಅಣ್ಣನ ಫೋನು, "ಬಾಕ್ಸ್ ತೆರೀತಿಲ್ಲ ಮಾರಾಯ!"

ಈಗ ಬದಲಿ ಡ್ರೈವ್ ಒಂದರಲ್ಲೇ ಅರ್ಧ ಮಿರರ್ ಕಟ್ಟಿ, ಅದರ ಮೇಲೆ ಲಕ್ಸ್ ಹಾಕಿ ಕಾಪಿ ಬಿಟ್ಟಿದ್ದೇನೆ. ಮುಗಿದ ಮೇಲೆ ಉಳಿದ ಹಳೆ ಡ್ರೈವನ್ನು ಇದಕ್ಕೆ ಸೇರಿಸಬೇಕು. ಸಿಂಕ್ ಆಗುವಾಗ ಅದರಲ್ಲಿದ್ದ ಹಳೆ ಅರ್ಜಿಗಳ ಮೇಲೂ ಗೂಢಲಿಪಿ ಬರೆದುಹೋಗುತ್ತದೆ. ಆಮೇಲೆ ಕ್ಯಾಸೆಟ್. ವಿಸಿಆರ್‌ನ ಬೆಲ್ಟ್ ಬೇರೆ ಸಡಿಲವಾಗಿದೆ.