ಉಬ್ಬರ ಇಳಿತ ನೋಡಿಕೊಂಡು ದಿನ ಕಳೆದ ಊರು

ಸ್ಕಾಟ್ಲೆಂಡಿನ ಎಡಿನ್‌ಬರಾಗೆ ಬರುವ ನಮ್ಮ ಕಡೆಯ ನೆಂಟರಿಷ್ಟರ ಪ್ಲಾನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಒಂದು ದಿನ ಕೋಟೆ, ಒಂದು ದಿನ ಲಾಕ್ ನೆಸ್ ಸರೋವರ, ಆಮೇಲೆ ಸ್ಕೈ ದ್ವೀಪ, ಅಲ್ಲಿಂದ ಸೀದಾ ಲಂಡನ್. ಅರ್ಧ ಪ್ರವಾಸ ಬಸ್ಸಿನ ಕಿಟಕಿಯಲ್ಲೇ ಮುಗಿದುಹೋಗುತ್ತದೆ. ಈ ಸಲ ಜೂನ್‌ನಲ್ಲಿ ಅಮ್ಮ ಉಡುಪಿಯಿಂದ ಬಂದಾಗ ನಾವು ಹಾಗೆ ಓಡಲಿಲ್ಲ. ಫೈಫ್ ಪ್ರಾಂತ್ಯದ ಕರಾವಳಿಯ ಆ್ಯನ್‌ಸ್ಟ್ರದರ್ ಎಂಬ ಸಣ್ಣ ಬಂದರಿನ ಊರಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದೆವು. ನಾನು, ನಮ್ಮೆಜಮಾನರು, ಅಮ್ಮ. ತಿನ್ನುವುದು, ನಡೆಯುವುದು, ಕಡಲು ನೋಡುವುದು. ಬೇರೆ ಕೆಲಸ ಇಟ್ಟುಕೊಳ್ಳಲಿಲ್ಲ.

ಕಾರು ಬೇಕೇ ಬೇಕು ಅಂತೇನಿಲ್ಲ. ಎಡಿನ್‌ಬರಾದ ವೇವರ್ಲಿ ನಿಲ್ದಾಣದಲ್ಲಿ ಲೆವನ್ ರೈಲು ಹತ್ತಿದರೆ 1890ರಲ್ಲಿ ಕಟ್ಟಿದ ಆ ಕೆಂಪು ಫೋರ್ತ್ ಸೇತುವೆಯ ಮೇಲೆ ಹೋಗುತ್ತೀರಿ. ಲೆವನ್‌ಗೆ ಐವತ್ತು ವರ್ಷಕ್ಕೂ ಜಾಸ್ತಿ ರೈಲೇ ಇರಲಿಲ್ಲ, 2024ರಲ್ಲಿ ಮತ್ತೆ ಶುರುವಾಯಿತು. ಅಲ್ಲಿಂದ 95ನೇ ನಂಬರಿನ ಬಸ್ಸು. ಅದು ಕರಾವಳಿಯ ಊರುಗಳನ್ನೆಲ್ಲ ಮುಟ್ಟುತ್ತಾ ಸೇಂಟ್ ಆಂಡ್ರೂಸ್‌ವರೆಗೆ ಹೋಗುತ್ತದೆ. ನಾವು ಅಲ್ಲಿದ್ದಷ್ಟು ದಿನವೂ ಆ ಬಸ್ಸೇ ನಮ್ಮ ಗಾಡಿ.

ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಫ್ರಿಜ್ ಬಾಗಿಲಿಗೆ ಉಬ್ಬರ ಇಳಿತದ ಪಟ್ಟಿಯನ್ನು ಅಂಟಿಸಿದ್ದರು. ಆ ದಿನ ನೀರು ಎಷ್ಟು ಗಂಟೆಗೆ ಏರುತ್ತದೆ, ಎಷ್ಟು ಗಂಟೆಗೆ ಇಳಿಯುತ್ತದೆ ಎಂಬ ಲೆಕ್ಕ. ಅಮ್ಮ ಮೊದಲು ಓದಿದ್ದೇ ಅದನ್ನು. ಮಲ್ಪೆಯ ಹತ್ತಿರ ಹುಟ್ಟಿ ಬೆಳೆದವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದೆರಡು ದಿನದಲ್ಲಿ ನಮಗೂ ಗೊತ್ತಾಯಿತು. ಈ ಊರಿನಲ್ಲಿ ಏನು ಮಾಡಬೇಕಾದರೂ ಆ ಪಟ್ಟಿ ನೋಡಲೇಬೇಕು. ನೀರು ಇಳಿದಾಗ ಬಂದರಿನ ದೋಣಿಗಳೆಲ್ಲ ಕೆಸರಿನ ಮೇಲೆ ಕೂತಿರುತ್ತವೆ. ಕೆಲವು ಗಂಟೆ ಬಿಟ್ಟು ಬಂದರೆ ಅವೇ ದೋಣಿಗಳು ಕಟ್ಟೆಯ ಅಂಚಿಗೆ ಬಂದು ತೇಲುತ್ತಿರುತ್ತವೆ.

ಮೊದಲ ಸಂಜೆ ಮೀನು ತಿಂದೆವು. ಇಲ್ಲಿ ಅಂಗಡಿಯಲ್ಲಿ ‘ಫಿಶ್ ಸಪ್ಪರ್’ ಅಂತ ಕೇಳಿದರೆ ಚಿಪ್ಸ್, ಅಂದರೆ ಕರಿದ ಆಲೂಗಡ್ಡೆ ತುಂಡು, ಜೊತೆಗೇ ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ಕಾಡ್ ಮೀನು ಜಾಸ್ತಿ, ಸ್ಕಾಟ್ಲೆಂಡಿನವರಿಗೆ ಹ್ಯಾಡಕ್ ಮೀನು ಇಷ್ಟ. ಬಂದರಿನ ಎದುರು ಸಾಲಾಗಿ ಅಂಗಡಿಗಳಿವೆ, ಸಂಜೆ ಕ್ಯೂ ರಸ್ತೆಗೆ ಬರುತ್ತದೆ. ಪೊಟ್ಟಣ ಹಿಡಿದು ಕಟ್ಟೆಯ ಮೇಲೆ ಕೂತೆವು. ಮೇಲಿನ ಹಿಟ್ಟು ತೆಳ್ಳಗೆ, ಗರಿಗರಿ. ಅಮ್ಮ ಹಿಟ್ಟನ್ನು ಬಿಡಿಸಿ ಒಳಗಿನ ಮೀನನ್ನು ಬೆರಳಲ್ಲಿ ಒತ್ತಿ ನೋಡಿದರು. ಬಿಳಿ ಮಾಂಸ ಪದರಪದರವಾಗಿ ಬಿಟ್ಟುಕೊಂಡಿತು. “ತಾಜಾ ಉಂಟು” ಅಂದರು. ಮೀನಿನ ವಿಷಯದಲ್ಲಿ ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಬರುವುದಿಲ್ಲ. ನಮ್ಮವರಿಗೆ ಒಂದು ಮಾತು ಹೇಳಬೇಕು. ಸ್ಕಾಟ್ಲೆಂಡಿನ ಎಷ್ಟೋ ಅಂಗಡಿಗಳಲ್ಲಿ ಕರಿಯುವುದು ಎಣ್ಣೆಯಲ್ಲಲ್ಲ, ದನದ ಕೊಬ್ಬಿನಲ್ಲಿ. ಚಿಪ್ಸ್ ಕೂಡ ಅದರಲ್ಲೇ. ಬೇಡದವರು ಮೊದಲೇ ಕೇಳಿಕೊಳ್ಳಿ, ಸರಿಯಾಗಿ ಹೇಳುತ್ತಾರೆ.

ಈ ಊರಿಗೆ ಬಂದವರು ಸ್ಕಾಟಿಷ್ ಮೀನುಗಾರಿಕೆ ಮ್ಯೂಸಿಯಂ ನೋಡದೆ ಹೋಗಬಾರದು. ಬಂದರಿನ ಎದುರಲ್ಲೇ ಇದೆ, 1969ರಲ್ಲಿ ಶುರುವಾದದ್ದು. ಹೊರಗಿನಿಂದ ನಾಲ್ಕು ಹಳೇ ಮನೆ ಇದ್ದಂತೆ ಕಾಣುತ್ತದೆ, ಒಳಗೆ ಹೋದರೆ ಒಂದು ಇಡೀ ಹಾಯಿದೋಣಿಯೇ ನಿಂತಿದೆ. ಈ ಕರಾವಳಿ ಬದುಕಿದ್ದೇ ಹೆರಿಂಗ್ ಮೀನಿನಿಂದ. ನಮ್ಮ ಬೂತಾಯಿಯ ದೂರದ ನೆಂಟ ಅದು. ದೋಣಿಗಳು ಮೀನಿನ ಹಿಂದೆ ಹೋದರೆ, ದಡದಲ್ಲಿ ಹೆಂಗಸರು ದೋಣಿಗಳ ಹಿಂದೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಉತ್ತರದ ಶೆಟ್ಲೆಂಡ್‌ನಲ್ಲಿ ಶುರು, ಚಳಿಗಾಲದ ಹೊತ್ತಿಗೆ ಇಂಗ್ಲೆಂಡಿನ ಯಾರ್ಮತ್. ಮೂವರದ್ದೊಂದು ತಂಡ. ಇಬ್ಬರು ಮೀನಿನ ಕರುಳು ತೆಗೆಯುವುದು, ಒಬ್ಬಳು ಪೀಪಾಯಿಯಲ್ಲಿ ಉಪ್ಪು ಹಾಕಿ ಒಂದರ ಮೇಲೊಂದು ಜೋಡಿಸುವುದು. ಆ ಪೀಪಾಯಿಗಳು ಜರ್ಮನಿ, ರಷ್ಯಾವರೆಗೆ ಹೋಗುತ್ತಿದ್ದವು.

ಅವರ ಚಾಕು ಅಲ್ಲಿದೆ. ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಅವರು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಬಟ್ಟೆಯ ಪಟ್ಟಿಗಳ ವಿಷಯವೂ ಅಲ್ಲಿದೆ. ಚಾಕು ತಾಗಬಾರದು, ತಾಗಿದ ಗಾಯಕ್ಕೆ ಉಪ್ಪು ಇಳಿಯಬಾರದು, ಅದಕ್ಕೆ. ಅಮ್ಮ ಅಲ್ಲಿಂದ ಕದಲಲಿಲ್ಲ. ಅವರ ಅಮ್ಮ, ಅಂದರೆ ನನ್ನ ಅಜ್ಜಿ, ಬುಟ್ಟಿ ಹೊತ್ತು ಮೀನು ಮಾರಿದವರು. “ಉಪ್ಪುನೀರು ಗಾಯಕ್ಕೆ ತಾಗಿದ್ರೆ ರಾತ್ರಿ ನಿದ್ದೆ ಬರ್ಲಿಕ್ಕಿಲ್ಲ ಮಗಾ” ಅಂದರು. 20ನೇ ಶತಮಾನದ ಮಧ್ಯದ ಹೊತ್ತಿಗೆ ಈ ಕರಾವಳಿಗೆ ಬರುತ್ತಿದ್ದ ಹೆರಿಂಗ್ ಕಡಿಮೆಯಾಗಿತ್ತು ಎಂದಾಗಲೂ ಅವರಿಗೆ ಆಶ್ಚರ್ಯವಾಗಲಿಲ್ಲ. ನಮ್ಮಲ್ಲೂ ಬೂತಾಯಿ ಒಂದು ವರ್ಷ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ಮುಖ ತೋರಿಸುವುದಿಲ್ಲ, ಅಲ್ವಾ? ಕಡಲಿಗೆ ಹೋಗಿ ವಾಪಸ್ ಬಾರದವರ ಹೆಸರುಗಳಿಗೇ ಅಲ್ಲೊಂದು ಕೋಣೆ ಇದೆ. ಅಲ್ಲಿ ನಾವು ಮೂವರೂ ಮಾತಾಡಲಿಲ್ಲ.

ಈಗ ಆ್ಯನ್‌ಸ್ಟ್ರದರ್ ಬಂದರಿನಲ್ಲಿ ಮೋಜಿನ ದೋಣಿಗಳೇ ಜಾಸ್ತಿ. ನಿಜವಾದ ಮೀನುಗಾರಿಕೆ ನೋಡಬೇಕಾದರೆ ಪಕ್ಕದ ಪಿಟನ್‌ವೀಮ್‌ಗೆ ಹೋಗಬೇಕು. ಕಡಲ ಪಕ್ಕದ ಕಾಲುದಾರಿಯಲ್ಲಿ ಅರ್ಧ ಗಂಟೆ ಚಿಲ್ಲರೆ ನಡಿಗೆ. ಅಲ್ಲಿಗೆ ಬರುವುದು ಏಡಿ, ಲಾಬ್‌ಸ್ಟರ್ ಮತ್ತು ಲ್ಯಾಂಗುಸ್ಟೀನ್. ಈ ಲ್ಯಾಂಗುಸ್ಟೀನ್ ನೋಡಲು ಉದ್ದ ಕೊಂಡಿಯ ಸಿಗಡಿ, ಆದರೆ ಬೇಯಿಸುವ ಮೊದಲೇ ಕಿತ್ತಳೆ ಬಣ್ಣ. ನಾವು ಒಂದು ಕಿಲೋ ತಂದೆವು. ಅಮ್ಮ ಊರಿನಿಂದ ಘೀ ರೋಸ್ಟ್ ಮಸಾಲೆ ತಂದಿದ್ದರು. ಮೊದಲು ಒಂದನ್ನು ಸುಮ್ನೆ ಉಪ್ಪುನೀರಲ್ಲಿ ಬೇಯಿಸಿ ರುಚಿ ನೋಡಿದರು. ಬಾಲದ ಮಾಂಸ ಅಷ್ಟು ಸಿಹಿ. ಮಸಾಲೆ ಡಬ್ಬಿ ಮುಚ್ಚಿಟ್ಟು, “ಇದಕ್ಕೆ ಬೆಣ್ಣೆ, ಎರಡು ಎಸಳು ಬೆಳ್ಳುಳ್ಳಿ ಸಾಕು” ಅಂದರು. ಅವರ ತೀರ್ಮಾನ ನೂರಕ್ಕೆ ನೂರು ಸರಿ. ಆ ಮೀನಿನ ಮೇಲೆ ಬ್ಯಾಡಗಿ ಮೆಣಸು ಸುರಿಯುವುದು ಅನ್ಯಾಯ. ಹತ್ತಿರದ ತೋಟದಲ್ಲೇ ಮಾಡುವ ಆ್ಯನ್‌ಸ್ಟರ್ ಚೀಸ್ ಕೂಡ ತಂದಿದ್ದೆವು. ಬಿಳಿ, ಪುಡಿಪುಡಿ, ಸ್ವಲ್ಪ ಹುಳಿ. ಓಟ್ಸ್ ಬಿಸ್ಕತ್ತಿನ ಮೇಲಿಟ್ಟು ತಿಂದೆವು. ರಾತ್ರಿ ಹತ್ತಾದರೂ ಬೆಳಕಿತ್ತು, ಊಟ ಮುಗಿದದ್ದು ಯಾವಾಗ ಅಂತ ಯಾರಿಗೂ ನೆನಪಿಲ್ಲ.

ಐಲ್ ಆಫ್ ಮೇ ದ್ವೀಪಕ್ಕೆ ಹೋಗುವ ದೋಣಿ ಆ್ಯನ್‌ಸ್ಟ್ರದರ್‌ನಿಂದಲೇ ಹೊರಡುತ್ತದೆ. ಹೊರಡುವ ಹೊತ್ತು ದಿನಾ ಬೇರೆ, ಅದೂ ಉಬ್ಬರದ ಲೆಕ್ಕದಲ್ಲೇ. ಸುಮಾರು 8 ಕಿಲೋಮೀಟರ್ ದೂರ. ಜೂನ್‌ನಲ್ಲಿ ಹೋದರೆ ಪಫಿನ್ ಹಕ್ಕಿಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಇರುತ್ತವೆ, ಆಗಸ್ಟ್ ಶುರುವಾಗುವ ಹೊತ್ತಿಗೆ ಕಡಲಿಗೆ ಹೊರಟುಹೋಗುತ್ತವೆ. ಅವು ನೆಲದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತವೆ. ಹಾಗಾಗಿ ಗುರುತು ಮಾಡಿದ ದಾರಿ ಬಿಟ್ಟು ಹುಲ್ಲಿನ ಮೇಲೆ ಕಾಲಿಡುವ ಹಾಗಿಲ್ಲ, ಬಿಲ ಕುಸಿಯುತ್ತದೆ. ನಮ್ಮಿಂದ ಮೂರು ಮಾರು ದೂರದಲ್ಲಿ ಒಂದು ಪಫಿನ್ ಬಂದಿಳಿಯಿತು. ಕೊಕ್ಕಿನಲ್ಲಿ ಅಡ್ಡಡ್ಡ ಜೋಡಿಸಿದ ಬೆಳ್ಳಗಿನ ಸಣ್ಣ ಮೀನುಗಳು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಸರಕ್ಕನೆ ಬಿಲಕ್ಕೆ ನುಗ್ಗಿತು. ಮೀನು ಕಿತ್ತುಕೊಳ್ಳಲು ಕಡಲಹಕ್ಕಿಗಳು ಕಾದಿರುತ್ತವೆ, ಆ ಅವಸರ ಅದಕ್ಕೆ. ಆ ಸಣ್ಣ ಮೀನೇ ಸ್ಯಾಂಡ್ ಈಲ್. ತನ್ನ ಕಡಲಲ್ಲಿ ಅದನ್ನು ಹಿಡಿಯುವುದನ್ನು ಸ್ಕಾಟ್ಲೆಂಡ್ ಸರ್ಕಾರ 2024ರಲ್ಲಿ ನಿಲ್ಲಿಸಿತು, ಈ ಹಕ್ಕಿಗಳ ಹೊಟ್ಟೆಪಾಡನ್ನೂ ಯೋಚಿಸಿಯೇ. ಆ ಪಫಿನ್‌ನ ಅವಸರ ಕಣ್ಣಾರೆ ನೋಡಿದ ಮೇಲೆ ಹಾಗೆ ನಿಲ್ಲಿಸಿದ್ದು ಎಷ್ಟು ಒಳ್ಳೆಯ ಕೆಲಸ ಅಂತ ನನಗೆ ಮನಸಾರೆ ಅನ್ನಿಸಿತು. ಹೋಗುವಾಗ ಟೊಪ್ಪಿ ಮರೆಯಬೇಡಿ. ಮರಿ ಇರುವ ಟರ್ನ್ ಹಕ್ಕಿಗಳು ನೇರ ತಲೆಗೇ ಕುಕ್ಕುತ್ತವೆ.

ದ್ವೀಪದಲ್ಲಿ 1636ರಲ್ಲಿ ಕಟ್ಟಿದ ಹಳೇ ದೀಪಸ್ತಂಭದ ಉಳಿಕೆ ಇದೆ, ಸ್ಕಾಟ್ಲೆಂಡಿನ ಮೊದಲನೆಯದು. ಆಗ ಮೇಲೆ ಕಲ್ಲಿದ್ದಲು ಉರಿಸುತ್ತಿದ್ದರಂತೆ.

ಕಲ್ಲಿದ್ದಲಿನ ಇನ್ನೊಂದು ಕಥೆ ಸೇಂಟ್ ಮೋನನ್ಸ್‌ನಲ್ಲಿ ಸಿಕ್ಕಿತು. ಪಿಟನ್‌ವೀಮ್ ದಾಟಿ ನಡೆದರೆ ಹೊಲದಂಚಿನಲ್ಲಿ ಒಂದು ಗಾಳಿಯಂತ್ರ. 18ನೇ ಶತಮಾನದ ಕೊನೆಯಲ್ಲಿ ಅದು ಕಡಲ ನೀರನ್ನು ಮೇಲಕ್ಕೆತ್ತುತ್ತಿತ್ತು. ಆ ನೀರನ್ನು ದೊಡ್ಡ ತಟ್ಟೆಗಳಲ್ಲಿ ಸುರಿದು, ಕಲ್ಲಿದ್ದಲು ಉರಿಸಿ ಕುದಿಸಿ, ಉಪ್ಪು ಮಾಡುತ್ತಿದ್ದರು. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಬಿಸಿಲೇ ಮಾಡಿಕೊಡುವ ಕೆಲಸ ಅದು. ಇಲ್ಲಿ ಅಷ್ಟು ಬಿಸಿಲಿಲ್ಲವಲ್ಲ. ಅಲ್ಲಿನ ಹಳೇ ಚರ್ಚ್ ಬಂಡೆಗಳ ಮೇಲೆ, ಕಡಲಿಗೆ ತಾಗಿಕೊಂಡೇ ಇದೆ. ಒಳಗೆ ಮಾಡಿನಿಂದ ಒಂದು ಪುಟ್ಟ ಹಡಗಿನ ಮಾದರಿ ಇಳಿಬಿಟ್ಟಿದ್ದಾರೆ.

ಈಲಿ ಊರಿಗೆ ಹೋದದ್ದು ನಮ್ಮೆಜಮಾನರ ಒತ್ತಾಯಕ್ಕೆ. ಅಲ್ಲಿನ ಶಿಪ್ ಇನ್ ಎಂಬ ಪಬ್‌ಗೆ ಸ್ವಂತ ಕ್ರಿಕೆಟ್ ಟೀಮ್ ಇದೆ. ಅವರು ಆಡುವುದು ಕಡಲ ದಂಡೆಯ ಮರಳಿನ ಮೇಲೆ, ನೀರು ಇಳಿದಾಗ. ಮ್ಯಾಚ್ ಎಷ್ಟು ಗಂಟೆಗೆ ಅಂತ ನಿರ್ಧಾರ ಮಾಡುವುದೂ ಕಡಲೇ. ಜನ ಪಬ್ ಎದುರಿನ ಗೋಡೆಯ ಮೇಲೆ ಸಾಲಾಗಿ ಕೂತು ನೋಡುತ್ತಾರೆ. ಬಿಳಿ ಬಟ್ಟೆ ಹಾಕಿ, ಒದ್ದೆ ಮರಳಿನಲ್ಲಿ ಓಡಿ ಬಂದು ಬೌಲ್ ಮಾಡುವುದನ್ನು ನೋಡಿ ಇವರ ಮುಖ ಅರಳಿತು. ಮಲ್ಪೆ ಬೀಚಿನಲ್ಲಿ ಸಂಜೆ ಟೆನ್ನಿಸ್ ಬಾಲ್ ಆಡುವ ಹುಡುಗರನ್ನು ಕರೆತಂದು ಈ ಪಬ್ ಟೀಮಿನ ಎದುರು ಆಡಿಸಬೇಕು ಅಂತ ಇವರ ಆಸೆ. ಅದೇ ಊರಿನ ಪಶ್ಚಿಮಕ್ಕೆ ಬಂಡೆಗಳಿಗೆ ಬಿಗಿದ ಕಬ್ಬಿಣದ ಸರಪಳಿ ಹಿಡಿದು ದಾಟುವ ದಾರಿ ಇದೆ, ಚೈನ್ ವಾಕ್ ಅನ್ನುತ್ತಾರೆ. ಉಬ್ಬರದಲ್ಲಿ ಅಲ್ಲಿ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ. ನೀರು ಇಳಿಯುತ್ತಿರುವಾಗಲೇ ಹೊರಡಬೇಕು.

ಕೊನೆಗೆ ಕ್ರೇಲ್. ಚಂದ ಅಂತ ಎಲ್ಲರೂ ಫೋಟೋ ತೆಗೆಯುವ ಬಂದರು, ಆ ಹೆಸರಿಗೆ ತಕ್ಕ ಹಾಗೇ ಇದೆ. ಕಲ್ಲಿನ ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ಏರುವ ಗೋಡೆಯ ತುದಿ, ಮಾಡಿಗೆ ಕೆಂಪು ಹೆಂಚು. ದೂರದಿಂದ ನೋಡಿದರೆ ನಮ್ಮ ಮಂಗಳೂರು ಹೆಂಚಿನ ಮನೆಗಳ ಕೇರಿಯಂತೆಯೇ. ಹಿಂದೆ ಹಾಲೆಂಡ್ ಕಡೆಯಿಂದ ವಾಪಸ್ ಬರುವ ಹಡಗುಗಳು ತೂಕಕ್ಕೆ ಅಂತ ಹೆಂಚು ತುಂಬಿಕೊಂಡು ಬರುತ್ತಿದ್ದವು, ಹಾಗೆ ಈ ಕರಾವಳಿಗೆ ಅದು ಬಂತು.

ಬಂದರಿನ ಕಟ್ಟೆಯಲ್ಲಿ ಒಂದು ಗೂಡಂಗಡಿ. ಏಡಿ ಬೇಯಿಸಿ, ಮಾಂಸ ಬಿಡಿಸಿ, ಬಿಳಿಯದ್ದು ಬೇರೆ ಕಂದು ಬೇರೆ ಮಾಡಿ, ಅದರ ಚಿಪ್ಪಿನಲ್ಲೇ ತುಂಬಿಕೊಡುತ್ತಾರೆ. ಜೊತೆಗೆ ಒಂದು ನಿಂಬೆ ಹೋಳು, ಅಷ್ಟೇ. ಕಂದು ಮಾಂಸದಲ್ಲೇ ರುಚಿ ಇರುವುದು ಅಂತ ಅಮ್ಮ ಮೊದಲು ಅದಕ್ಕೇ ಕೈ ಹಾಕಿದರು. ನಮ್ಮೆಜಮಾನರು ಗಡಿಯಾರ ನೋಡಿದರು. ಈಗ 95ನೇ ಬಸ್ ಹಿಡಿದರೆ ಸೇಂಟ್ ಆಂಡ್ರೂಸ್ ಕೂಡ ನೋಡಿ ಬರಬಹುದಿತ್ತು. “ಅದು ಇನ್ನೊಮ್ಮೆ ಬಂದಾಗ ಆಯ್ತು, ನೀವು ಕೂತ್ಕೊಳ್ಳಿ” ಅಂದರು ಅಮ್ಮ. ಇನ್ನೊಂದು ಏಡಿ ತರಿಸಿದೆವು.